ಪಾಡ್ಸಾಲ್: ಉತ್ತರದ ಕಾಡಿನ ಬೂದಿ ಮಣ್ಣು

ಪಾಡ್ಸಾಲ್ ಉತ್ತರಧ್ರುವ ವೃತ್ತದ ಆಸುಪಾಸಿನ ಶೀತಪ್ರದೇಶಗಳಲ್ಲಿ, ಪೈನ್ ಮತ್ತು ಸ್ಪ್ರೂಸ್ ಕಾಡುಗಳ ಅಡಿಯಲ್ಲಿ, ನೀರು ನಿಲ್ಲದೆ ಬಸಿದುಹೋಗುವ ನೆಲದಲ್ಲಿ ರೂಪುಗೊಳ್ಳುವ ಮಣ್ಣು. ಮೇಲೆ ಅರೆಕೊಳೆತ ಸೂಜಿಯೆಲೆ ಮತ್ತು ಹಾವಸೆಯ ಕಪ್ಪು ಹಾಸು, ಅದರಡಿ ಒಲೆಯ ಬೂದಿಯಂತೆ ಬಿಳಿಚಿದ ಪದರ, ಅದರ ಕೆಳಗೆ ತುಕ್ಕಿನ ಬಣ್ಣದ ಪದರ, ಕೊನೆಗೆ ಹಿಮಯುಗ ಬಿಟ್ಟುಹೋದ ಮರಳು ಇಲ್ಲವೇ ಕಲ್ಲುಮಣ್ಣು: ಈ ನಾಲ್ಕು ಪಟ್ಟೆಗಳು ಇದರ ಗುರುತು. ಫಿನ್‌ಲೆಂಡ್, ಸ್ವೀಡನ್, ನಾರ್ವೆ, ರಷ್ಯದ ಕರೇಲಿಯ ಮತ್ತು ಕೋಲಾ ಪರ್ಯಾಯದ್ವೀಪ, ಪೂರ್ವ ಕೆನಡಾ ಇದರ ಮುಖ್ಯ ನೆಲೆಗಳು. ಪ್ರಪಂಚದಲ್ಲಿ ಪಾಡ್ಸಾಲ್ ಹರಡಿರುವ ವಿಸ್ತಾರ ಸುಮಾರು 48.5 ಕೋಟಿ ಹೆಕ್ಟೇರ್ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅದರ ಬಹುಪಾಲು ಉತ್ತರ ಗೋಳಾರ್ಧದ್ದು.

ಬೇಸಾಯದ ಕಣ್ಣಿನಿಂದ ನೋಡಿದವರು ಇದನ್ನು ಬಡ ಮಣ್ಣು ಎಂದು ಬರೆಯುತ್ತ ಬಂದಿದ್ದಾರೆ. ರೈ ಅಥವಾ ಬಾರ್ಲಿ ಬಿತ್ತುವವನಿಗೆ ಆ ಮಾತು ನಿಜ. ಆದರೆ ಸಾವಿರಾರು ವರ್ಷಗಳಿಂದ ಒಂದು ಕಾಡು ಇದೇ ಮಣ್ಣಿನ ಮೇಲೆ ಬೆಳೆದು, ಸುಟ್ಟು, ಮತ್ತೆ ಬೆಳೆಯುತ್ತ ಬಂದಿದೆ. ಆ ಕಾಡಿನ ಜೀವನವೆಲ್ಲ ನಡೆಯುವುದು ಮೇಲಿನ ಒಂದು ಗೇಣಿನೊಳಗೆ. ಅದರ ಕೆಳಗೆ ನಡೆಯುವುದನ್ನು ಕೆಳಮುಖವಾಗಿ ಇಳಿಯುವ ನೀರು ನಿರ್ಧರಿಸುತ್ತದೆ. ಹಾಗಾಗಿ ಈ ಮಣ್ಣನ್ನು ಅರಿಯಲು ಮೊದಲು ನೀರಿನ ದಾರಿಯನ್ನು ಹಿಡಿಯಬೇಕು.

ಹೆಸರು

ರಷ್ಯನ್ ಭಾಷೆಯಲ್ಲಿ 'ಪೊದ್' ಎಂದರೆ ಅಡಿ, 'ಜೊಲಾ' ಎಂದರೆ ಬೂದಿ. ಕಾಡು ಕಡಿದು ಉಳುವಾಗ ನೇಗಿಲಿಗೆ ಬೂದಿಯಂಥ ಮಣ್ಣು ಸಿಕ್ಕುವುದನ್ನು ಕಂಡು ರೈತರು ಇಟ್ಟುಕೊಂಡಿದ್ದ ಹೆಸರಿದು. ಆಧುನಿಕ ಮಣ್ಣು ವಿಜ್ಞಾನಕ್ಕೆ ಅಡಿಪಾಯ ಹಾಕಿದ ವಸೀಲಿ ದೊಕುಚಾಯೆವ್ (1846–1903) 1880ರ ಹೊತ್ತಿಗೆ ಅದನ್ನು ಶಾಸ್ತ್ರದ ಪದವಾಗಿ ಬಳಕೆಗೆ ತಂದರು. ಮಣ್ಣೆಂದರೆ ಬಂಡೆಯ ಪುಡಿಯಷ್ಟೇ ಅಲ್ಲ, ಹವೆ, ಸಸ್ಯ, ಇಳಿಜಾರು, ಕಾಲ ಇವೆಲ್ಲ ಸೇರಿ ಬೆಳೆಸಿದ ಪ್ರಕೃತಿಯ ಒಂದು ಕಾಯ ಎಂದು ಅವರು ವಾದಿಸಿದರು. ಆ ವಾದಕ್ಕೆ ಪಾಡ್ಸಾಲ್‌ಗಿಂತ ಕಣ್ಣಿಗೆ ಕಟ್ಟುವ ಪುರಾವೆ ಇಲ್ಲ.

ಸ್ವೀಡನ್ನಿನಲ್ಲಿ ಬಿಳಿಚಿದ ಪದರಕ್ಕೆ 'ಬ್ಲೇಕ್‌ಯೂರ್ಡ್', ಅಂದರೆ ಪೇಲವ ಮಣ್ಣು ಎಂದೂ ಅದರ ಕೆಳಗಿನದಕ್ಕೆ 'ರೋಸ್ತ್‌ಯೂರ್ಡ್', ಅಂದರೆ ತುಕ್ಕುಮಣ್ಣು ಎಂದೂ ಹೇಳುತ್ತಾರೆ. ಅಮೆರಿಕದ ವರ್ಗೀಕರಣದಲ್ಲಿ ಈ ಮಣ್ಣಿನ ಹೆಸರು ಸ್ಪೊಡೊಸಾಲ್. ಅದು ಕೂಡ ಬೂದಿ ಎಂಬರ್ಥದ ಗ್ರೀಕ್ ಪದದಿಂದಲೇ ಬಂದದ್ದು. ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು ಬೂದಿಯೇ. ಆದರೆ ಆ ಪದರಕ್ಕೂ ಬೆಂಕಿಗೂ ಸಂಬಂಧವಿಲ್ಲ.

ಗುಂಡಿಯೊಳಗೆ

ಫಿನ್‌ಲೆಂಡಿನ ಲ್ಯಾಪ್‌ಲೆಂಡ್ ಪ್ರಾಂತದ ಸೊದಂಕ್ಯುಲ ಪಟ್ಟಣ ಉತ್ತರಧ್ರುವ ವೃತ್ತದಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕಿದೆ. ವರ್ಷದ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರ. ಮಳೆ ಮತ್ತು ಹಿಮ ಸೇರಿ ವರ್ಷಕ್ಕೆ 500 ಮಿಲಿಮೀಟರಿಗೆ ತುಸು ಹೆಚ್ಚು. ನಮ್ಮ ಲೆಕ್ಕದಲ್ಲಿ ಇದು ಬಯಲುಸೀಮೆಯ ಮಳೆ. ಆದರೆ ಅಲ್ಲಿನ ಬಿಸಿಲಿಗೆ ಅಷ್ಟು ನೀರನ್ನು ಆವಿ ಮಾಡುವ ಶಕ್ತಿಯಿಲ್ಲ. ಉಳಿದ ನೀರಿಗೆ ಇರುವುದು ಎರಡೇ ದಾರಿ: ಮಣ್ಣಿನೊಳಕ್ಕೆ ಇಳಿಯಬೇಕು, ಇಲ್ಲವೇ ಅಲ್ಲೇ ನಿಲ್ಲಬೇಕು.

ಅಂಥ ಊರಿನ ಹೊರಗೆ ಮರಳುದಿಬ್ಬದ ಮೇಲಿನ ಪೈನ್ ಕಾಡಿಗೆ ಹೋಗಿ ಮೊಣಕಾಲಾಳದ ಗುಂಡಿ ತೋಡಿದರೆ ಸಾಕು, ಪಾಡ್ಸಾಲ್ ಪೂರ್ತಿಯಾಗಿ ಕಾಣುತ್ತದೆ. ಮೇಲೆ ಬಿಳಿ-ಬೂದು ಬಣ್ಣದ ಕಲ್ಲುಹೂವು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದೂರದ ನೆಂಟ ಇದು. ಅಲ್ಲಿ ನೆಲದ ಮೇಲೇ ಪೊದೆಯಂತೆ ಬೆಳೆದು ಹಿಮಸಾರಂಗಗಳಿಗೆ ಚಳಿಗಾಲದ ಮೇವಾಗುತ್ತದೆ. ಬಿಸಿಲಿಗೆ ಒಣಗಿದಾಗ ಕಾಲಡಿ ಹಪ್ಪಳದಂತೆ ಪುಡಿಯಾಗುತ್ತದೆ, ಮಳೆ ಬಂದರೆ ಸ್ಪಂಜಿನಂತೆ ಮೆತ್ತಗಾಗುತ್ತದೆ. ಕಲ್ಲುಹೂವಿನ ನಡುವೆ ಲಿಂಗನ್‌ಬೆರಿ, ಕ್ರೋಬೆರಿಯ ಕುಳ್ಳ ಗಿಡಗಳು. ಇವನ್ನು ಸರಿಸಿದರೆ ಎರಡು ಮೂರು ಬೆರಳು ದಪ್ಪದ ಕಪ್ಪು-ಕಂದು ಹಾಸು. ಅದನ್ನು ಚಾಕುವಿನಿಂದ ಕೊಯ್ದು ಕಂಬಳಿಯ ತುಂಡಿನಂತೆ ಎತ್ತಬಹುದು. ಬೇರೂ ಅಣಬೆಯ ಎಳೆಗಳೂ ಅದನ್ನು ಅಷ್ಟು ಗಟ್ಟಿಯಾಗಿ ಹೆಣೆದಿರುತ್ತವೆ. ಎತ್ತಿದ ತುಂಡಿನ ಅಡಿಭಾಗ ನುಣ್ಣಗಿನ ಕಪ್ಪು ಮಸಿಯಂತೆ ಬೆರಳಿಗೆ ಹತ್ತುತ್ತದೆ.

ಹಾಸಿನ ಕೆಳಗೆ ಬಣ್ಣ ಒಮ್ಮೆಗೇ ಬದಲಾಗುತ್ತದೆ. ಗೆರೆ ಎಳೆದಂತೆ ಬಿಳಿ-ಬೂದು ಮರಳು ಶುರುವಾಗುತ್ತದೆ. ಇದೇ ಇ ಸ್ತರ, ಸೋಸಿಹೋದ ಪದರ. ಉತ್ತರದಲ್ಲಿ ಇದು ಹೆಚ್ಚಾಗಿ ಕೆಲವೇ ಸೆಂಟಿಮೀಟರ್ ದಪ್ಪ. ಕೆಲವೆಡೆ ಒಂದು ಗೇಣೂ ಇರುತ್ತದೆ. ಸತ್ತ ಬೇರಿನ ಜಾಡು ಹಿಡಿದು ನಾಲಗೆಯಂತೆ ಆಳಕ್ಕೆ ಇಳಿದಿರುವುದೂ ಉಂಟು. ಆ ಮರಳನ್ನು ಅಂಗೈಗೆ ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಕಣಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿವೆ. ಒಂದೊಂದು ಕಣವೂ ತೊಳೆದಿಟ್ಟ ಗಾಜಿನಂತಿದೆ. ಅವುಗಳಲ್ಲಿ ಹೆಚ್ಚಿನವು ಬೆಣಚು, ಉಳಿದವು ಬೇಗ ಕರಗದ ಫೆಲ್ಡ್‌ಸ್ಪಾರ್. ಕರಿ ಅಭ್ರಕ, ಹಾರ್ನ್‌ಬ್ಲೆಂಡಿನಂಥ ಗಾಢ ಬಣ್ಣದ ಖನಿಜಗಳು ತೀರ ಕಡಿಮೆಯಾಗಿವೆ. ಮರಳಿಗೆ ಹಳದಿ ಛಾಯೆ ಕೊಡುವ ಕಬ್ಬಿಣದ ತೆಳು ಲೇಪವೂ ಇಲ್ಲ. ಬಿಳುಪಿಗೆ ಕಾರಣ ಆ ಲೇಪ ಹೋದದ್ದೇ ಹೊರತು, ಹೊರಗಿನಿಂದ ಬಿಳಿಯ ವಸ್ತುವೇನೂ ಬಂದು ಸೇರಿದ್ದಲ್ಲ.

ಅದರ ಕೆಳಗೆ ಬಿ ಸ್ತರ. ಮೇಲಂಚಿನಲ್ಲಿ ಕಾಫಿಪುಡಿಯ ಕಂದು, ಆಮೇಲೆ ತುಕ್ಕುಗೆಂಪು, ಕೆಳಕ್ಕೆ ಹೋದಂತೆ ಮಾಸುತ್ತ ಹಳದಿ. ಇಲ್ಲಿ ಮರಳುಕಣಗಳಿಗೆ ಕಂದು ಪೊರೆ ಕಟ್ಟಿರುತ್ತದೆ. ಹಿಡಿ ಮಣ್ಣನ್ನು ಹಿಸುಕಿದರೆ ಅದು ಮರಳಿನಂತೆ ಸೋರದೆ ಮೆತ್ತಗಿನ ಪುಡಿಯುಂಡೆಯಾಗುತ್ತದೆ. ಕೆಲವೆಡೆ ಈ ಪೊರೆಯೇ ಸಿಮೆಂಟಿನಂತೆ ಕಣಗಳನ್ನು ಬೆಸೆದು ಪದರವನ್ನು ಕಲ್ಲಿನಷ್ಟು ಗಟ್ಟಿ ಮಾಡುತ್ತದೆ. ಜರ್ಮನರು ಅದನ್ನು ಓರ್ಟ್‌ಸ್ಟೈನ್ ಎನ್ನುತ್ತಾರೆ. ಉಪಧ್ರುವ ಪ್ರದೇಶದ ಪಾಡ್ಸಾಲ್ ತೆಳು. ಮೇಲಿನ ಹಾಸಿನಿಂದ ತುಕ್ಕು ಮಾಸುವವರೆಗೆ ಒಟ್ಟು ಅರ್ಧ ಮೀಟರಿನ ಆಸುಪಾಸು. ದಕ್ಷಿಣದ ಮಳೆಕಾಡುಗಳಲ್ಲಿ ಇದೇ ಜಾತಿಯ ಮಣ್ಣಿನ ಬಿಳಿ ಪದರವೊಂದೇ ಹಲವು ಮೀಟರ್ ದಪ್ಪ ಇರುವುದನ್ನು ಎಣಿಸಿದರೆ ಇದು ಚಿಕಣಿ ಚಿತ್ರ.

ಆಮ್ಲೀಯತೆಯೂ ಇದೇ ಕ್ರಮದಲ್ಲಿ ಬದಲಾಗುತ್ತದೆ. ಮೇಲಿನ ಹಾಸಿನಲ್ಲೂ ಬೂದಿ ಪದರದಲ್ಲೂ ಪಿಎಚ್ ಸಾಮಾನ್ಯವಾಗಿ 3.5ರಿಂದ 4.5. ತುಕ್ಕು ಪದರದಲ್ಲಿ ಅದು 5ಕ್ಕೆ ಏರಿ, ಮೂಲ ಮರಳಿನಲ್ಲಿ ಇನ್ನೂ ತುಸು ಮೇಲೆ ನಿಲ್ಲುತ್ತದೆ.

ಬೂದಿ ಪದರ ಆಗುವ ಬಗೆ

ಫಿಲ್ಟರಿನಲ್ಲಿ ಕಾಫಿಪುಡಿಯ ಮೇಲೆ ಬಿಸಿನೀರು ಸುರಿದರೆ ಪುಡಿಯ ಸಾರ ಕೆಳಗಿಳಿದು ಡಿಕಾಕ್ಷನ್ ಆಗುವಂತೆ, ಸೂಜಿಯೆಲೆಯ ಹಾಸಿನ ಮೂಲಕ ಇಳಿಯುವ ನೀರು ಕಂದು ಕಷಾಯವಾಗುತ್ತದೆ. ಈ ಕಷಾಯದಲ್ಲಿ ಸಾವಯವ ಆಮ್ಲಗಳಿರುತ್ತವೆ. ಸಿಟ್ರಿಕ್, ಆಕ್ಸಾಲಿಕ್‌ನಂಥ ಚಿಕ್ಕ ಅಣುಗಳೂ ಉಂಟು, ಫಲ್ವಿಕ್ ಆಮ್ಲಗಳಂಥ ದೊಡ್ಡವೂ ಉಂಟು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಾಮಾನ್ಯವಾಗಿ ಮಣ್ಣಿನಲ್ಲಿ ಅಲುಗಾಡದ ಧಾತುಗಳು. ಬರೀ ನೀರಿಗೆ ಅವನ್ನು ಹೊರುವ ಶಕ್ತಿಯಿಲ್ಲ. ಆದರೆ ಈ ಆಮ್ಲಗಳ ಅಣುಗಳು ಏಡಿಯ ಕೊಂಡಿಗಳಂತೆ ಎರಡು ಕಡೆಯಿಂದ ಅವನ್ನು ಹಿಡಿದುಕೊಳ್ಳುತ್ತವೆ. ಹಿಡಿತಕ್ಕೆ ಸಿಕ್ಕ ಲೋಹ ನೀರಿನ ಜೊತೆ ಕೆಳಕ್ಕೆ ಸಾಗುತ್ತದೆ.

ಹೊರಟದ್ದು ಅರ್ಧ ದಾರಿಯಲ್ಲೇ ಯಾಕೆ ನಿಲ್ಲುತ್ತದೆ? ಇಳಿಯುತ್ತ ಇಳಿಯುತ್ತ ಒಂದೊಂದು ಅಣುವಿಗೂ ಹೆಚ್ಚುಹೆಚ್ಚು ಲೋಹ ಅಂಟಿಕೊಂಡು, ಕೊನೆಗೆ ಹೊರೆ ತಾಳದೆ ಅದು ನೀರಿನಿಂದ ಬೇರ್ಪಟ್ಟು ಗಟ್ಟಿಯಾಗುತ್ತದೆ ಎಂಬುದು ಹಳೆಯ ವಿವರಣೆ. ಸೂಕ್ಷ್ಮಜೀವಿಗಳು ಆಮ್ಲವನ್ನು ತಿಂದುಬಿಡುವುದರಿಂದ ಲೋಹ ಅಲ್ಲೇ ಉಳಿಯುತ್ತದೆ ಎಂಬುದು ಇನ್ನೊಂದು. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ವಿ. ಸಿ. ಫಾರ್ಮರ್ ಮತ್ತು ಸಂಗಡಿಗರು ಮೂರನೆಯ ದಾರಿ ತೋರಿಸಿದರು. ತುಕ್ಕು ಪದರದಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕ ಸೇರಿ ಆದ ಇಮೊಗೊಲೈಟ್ ಎಂಬ ಕೊಳವೆಯಾಕಾರದ ಅತಿಸೂಕ್ಷ್ಮ ವಸ್ತು ಇದೆ. ಅದು ಸಾವಯವ ಆಮ್ಲದ ಜೊತೆಗಲ್ಲದೆ ಖನಿಜ ರೂಪದಲ್ಲೇ ಇಳಿದು ಬಂದಿರಬೇಕು ಎಂದರು ಅವರು. ಈ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಒಟ್ಟಿಗೆ ನಡೆಯುತ್ತವೆ ಎಂದು ನೋಡುವುದೇ ಸರಿ ಎನಿಸುತ್ತದೆ. ಒಂದನ್ನೇ ಪಟ್ಟು ಹಿಡಿದರೆ ಎಲ್ಲ ಗುಂಡಿಗಳ ಸಾಕ್ಷ್ಯವೂ ಹೊಂದುವುದಿಲ್ಲ.

ಸ್ವೀಡನ್ನಿನ ಓಲೋಫ್ ತಮ್ 1922ರಲ್ಲಿ ಒಂದು ಸರಳ ವಿಧಾನ ಪ್ರಕಟಿಸಿದರು. ಆಮ್ಲೀಯ ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ ಮಣ್ಣನ್ನು ಅಲುಗಿಸಿದರೆ ಹರಳುಗಟ್ಟದ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಕರಗಿ ಬರುತ್ತವೆ. ಇಂದಿಗೂ ಒಂದು ಪದರ ನಿಜವಾಗಿ ಪಾಡ್ಸಾಲಿನ ತುಕ್ಕು ಪದರವೇ ಎಂದು ಪ್ರಯೋಗಾಲಯಗಳು ತೀರ್ಮಾನಿಸುವುದು ಆ ದ್ರಾವಣದಿಂದ. ಕರಗಿ ಬಂದ ಅಲ್ಯೂಮಿನಿಯಂ, ಅದಕ್ಕೆ ಕಬ್ಬಿಣದ ಅರ್ಧ ಪಾಲು ಸೇರಿಸಿ, ಒಟ್ಟು ತೂಕದ 0.5 ಶೇಕಡಾ ಮುಟ್ಟಬೇಕೆಂಬುದು ರೂಢಿಯ ಅಳತೆ.

ಇಲ್ಲಿ ಕನ್ನಡ ಓದುಗರಿಗೆ ಮನೆಯ ಹತ್ತಿರದ ಹೋಲಿಕೆಯೊಂದಿದೆ. ಕರಾವಳಿಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಪಾಡ್ಸಾಲಿನ ತಲೆಕೆಳಗಾದ ರೂಪ. ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟದ್ದು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿ 1807ರಲ್ಲಿ ಪ್ರವಾಸಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ಮುರಕಲ್ಲಿನ ನೆಲದಲ್ಲೂ ನೀರು ಕೆಳಕ್ಕೇ ಇಳಿಯುತ್ತದೆ. ಆದರೆ ಆ ಸೆಕೆಯಲ್ಲಿ ಎಲೆಕಸ ಬೇಗ ಕೊಳೆತುಹೋಗುತ್ತದೆ. ಲೋಹವನ್ನು ಹೊರುವ ಆಮ್ಲ ಮಣ್ಣಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಹೀಗಾಗಿ ಸಿಲಿಕ ಕರಗಿ ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಕೆಂಪಾಗುತ್ತವೆ. ಉತ್ತರದಲ್ಲಿ ಕಬ್ಬಿಣ ಹೋಗಿ ಬೆಣಚು ಉಳಿಯುತ್ತದೆ.

ಈ ಕೆಲಸಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಸ್ವೀಡನ್, ಫಿನ್‌ಲೆಂಡ್ ನಡುವಿನ ಬಾತ್ನಿಯ ಕೊಲ್ಲಿಯ ದಡ ಹೇಳುತ್ತದೆ. ಹಿಮಯುಗದಲ್ಲಿ ಹಿಮದ ಭಾರಕ್ಕೆ ಕುಗ್ಗಿದ್ದ ನೆಲ ಇಂದಿಗೂ ಮೇಲೇಳುತ್ತಿದೆ. ಆ ಕೊಲ್ಲಿಯ ಉತ್ತರ ಭಾಗದಲ್ಲಿ ವರ್ಷಕ್ಕೆ ಸುಮಾರು 8–9 ಮಿಲಿಮೀಟರಿನಂತೆ. ಹೀಗಾಗಿ ದಡದಿಂದ ಒಳನಾಡಿಗೆ ನಡೆಯುತ್ತ ಹೋದರೆ ಮಣ್ಣಿನ ವಯಸ್ಸು ಹೆಜ್ಜೆಹೆಜ್ಜೆಗೂ ಏರುತ್ತದೆ. ನೀರಂಚಿನಲ್ಲಿ ಬರೀ ಮರಳು. ಇನ್ನಷ್ಟು ಮೇಲೆ, ಕೆಲವು ನೂರು ವರ್ಷ ಹಳೆಯ ನೆಲದಲ್ಲಿ, ಹಾಸಿನಡಿ ಉಗುರಿನಷ್ಟು ಬಿಳುಪು. ಸಾವಿರಾರು ವರ್ಷಗಳ ದಿಬ್ಬದ ಮೇಲೆ ಪೂರ್ಣ ಪಾಡ್ಸಾಲ್. ಲ್ಯಾಪ್‌ಲೆಂಡಿನ ಒಳಭಾಗದಿಂದ ಹಿಮ ಹಿಂಜರಿದು ಸುಮಾರು 10,000 ವರ್ಷವಾಗಿರಬಹುದು. ಅಲ್ಲಿನ ಅತಿ ಹಳೆಯ ಪಾಡ್ಸಾಲ್‌ಗೂ ಅಷ್ಟೇ ಪ್ರಾಯ.

ವರ್ಷವಿಡೀ ಈ ಕೆಲಸ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಸೊದಂಕ್ಯುಲದಲ್ಲಿ ಅಕ್ಟೋಬರಿನಿಂದ ಮೇವರೆಗೆ ಸುಮಾರು ಏಳು ತಿಂಗಳು ನೆಲ ಹಿಮದಡಿ ಇರುತ್ತದೆ. ಅಷ್ಟು ದಿನ ಕೂಡಿಟ್ಟ ನೀರು ವಸಂತದ ಕೆಲವೇ ವಾರಗಳಲ್ಲಿ ಬಿಡುಗಡೆಯಾಗಿ ಮಣ್ಣಿನೊಳಗೆ ಇಳಿಯುತ್ತದೆ. ವರ್ಷದ ಸೋಸುವಿಕೆಯ ದೊಡ್ಡ ಪಾಲು ಆಗಲೇ ಮುಗಿಯುತ್ತದೆ. ಉಳಿದದ್ದು ಶರತ್ಕಾಲದ ಮಳೆಯದು. ಬೇಸಗೆಯಲ್ಲಿ ಮರಗಳೇ ನೀರನ್ನು ಹೀರಿಕೊಂಡು ಮಣ್ಣನ್ನು ಒಣಗಿಸುತ್ತವೆ.

ಬಸಿಯುವ ನೆಲ, ನಿಲ್ಲುವ ನೀರು

ನೀರು ಬಸಿಯುವ ನೆಲ ಎಂದರೆ ಏನು ಎಂಬುದಕ್ಕೆ ಮಣ್ಣು ವಿಜ್ಞಾನಿಗಳ ಉತ್ತರ ಖಚಿತವಾಗಿದೆ. ನೀರು ಸಲೀಸಾಗಿ ಇಳಿದುಹೋಗಬೇಕು, ಆದರೆ ಜರಡಿಯಿಂದ ಸೋರುವಷ್ಟು ವೇಗವಾಗಿ ಅಲ್ಲ. ಬೆಳೆಯುವ ಕಾಲದಲ್ಲಿ ಬೇರಿಗೆ ತೇವವೂ ಸಿಗಬೇಕು, ಗಾಳಿಯೂ ಸಿಗಬೇಕು. ಇದನ್ನು ಗುರುತಿಸಲು ವರ್ಷವಿಡೀ ಕಾಯಬೇಕಿಲ್ಲ, ಬಣ್ಣ ನೋಡಿದರೆ ಸಾಕು. ನೀರು ನಿಲ್ಲುವ ಮಣ್ಣಿನಲ್ಲಿ ಗಾಳಿಯಿಲ್ಲದೆ ಕಬ್ಬಿಣ ರೂಪ ಬದಲಿಸಿಕೊಂಡು ನೀಲಿ-ಬೂದು ಬಣ್ಣ ತಾಳುತ್ತದೆ. ಬೇರಿನ ಸುತ್ತ ಎಲ್ಲಿ ತುಸು ಗಾಳಿ ನುಸುಳಿದೆಯೋ ಅಲ್ಲಿ ಕಿತ್ತಳೆ ಚುಕ್ಕೆಗಳು ಮೂಡುತ್ತವೆ. ಒಳ್ಳೆಯ ಪಾಡ್ಸಾಲಿನಲ್ಲಿ ಮೊದಲ ಒಂದು ಮೀಟರಿನಲ್ಲಿ ಅಂಥ ಚುಕ್ಕೆಗಳಿಲ್ಲ. ಅಲ್ಲಿ ಕೆಂಪು ಇರುವುದು ಪಟ್ಟೆಯಾಗಿ.

ನೆಲ ಬಸಿಯುವಂತೆ ಮಾಡಿದ್ದು ಹಿಮನದಿಗಳೇ. ಗ್ರ್ಯಾನೈಟ್ ಮತ್ತು ನೈಸ್ ಬಂಡೆಗಳನ್ನು ಅರೆದು ಅವು ತಂದು ಸುರಿದ ಕಲ್ಲುಮಣ್ಣಿನಲ್ಲಿ ಜೇಡಿ ಕಡಿಮೆ, ಮರಳು ಹೆಚ್ಚು. ಹಿಮದಡಿ ಹರಿದ ತೊರೆಗಳು ಬಿಟ್ಟುಹೋದ, ಎಸ್ಕರ್ ಎಂದು ಕರೆಯುವ ಉದ್ದುದ್ದ ಮರಳುದಿಬ್ಬಗಳು ಇನ್ನೂ ಸಡಿಲ. ಫಿನ್ನಿಷ್ ಭಾಷೆಯಲ್ಲಿ ಇಂಥ ಒಣ ಖನಿಜಮಣ್ಣಿನ ಕಾಡಿಗೆ 'ಕಂಗಾಸ್' ಎಂಬ ಪ್ರತ್ಯೇಕ ಪದವಿದೆ. ಜೌಗು ನೆಲಕ್ಕೆ ಬೇರೆಯೇ ಪದ 'ಸುವೊ'. ಆ ದೇಶದ ಕಾಡೆಲ್ಲ ಈ ಎರಡು ಪದಗಳ ನಡುವೆ ಹಂಚಿಹೋಗಿದೆ. ಎಸ್ಕರ್ ದಿಬ್ಬಗಳಲ್ಲಿ ಇಳಿದ ನೀರಿನ ಕಂದು ಆಮ್ಲವೆಲ್ಲ ತುಕ್ಕು ಪದರದಲ್ಲಿ ಸಿಕ್ಕಿಬೀಳುವುದರಿಂದ ಆಳದ ಅಂತರ್ಜಲ ತಿಳಿಯಾಗಿರುತ್ತದೆ. ಫಿನ್‌ಲೆಂಡಿನ ಮುಖ್ಯ ಅಂತರ್ಜಲ ನೆಲೆಗಳು ಈ ದಿಬ್ಬಗಳೇ. ಪಕ್ಕದ ಜೌಗಿನಿಂದ ಹರಿದುಬರುವ ತೊರೆ ಮಾತ್ರ ಹಾಲಿಲ್ಲದ ಚಹಾದ ಬಣ್ಣದ್ದು.

ಇಳಿಜಾರಿನ ಬುಡಕ್ಕೆ ಬಂದರೆ ಚಿತ್ರವೇ ಬೇರೆ. ಅಂತರ್ಜಲ ಮೇಲಕ್ಕೆ ಬಂದಂತೆ ಬೂದಿ ಪದರ ದಪ್ಪವಾಗುತ್ತದೆ, ತುಕ್ಕು ಪದರ ಕಪ್ಪಿಡುತ್ತದೆ, ಮೇಲಿನ ಹಾಸು ಮೊಣಕಾಲು ಮುಟ್ಟುತ್ತದೆ. ಇನ್ನಷ್ಟು ಕೆಳಗೆ ಪಾಡ್ಸಾಲ್ ಮುಗಿದು ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತು ಕೂಡಿದ ಸಸ್ಯರಾಶಿ, ಶುರುವಾಗುತ್ತದೆ. ದಿಬ್ಬದ ನೆತ್ತಿಯಿಂದ ಜೌಗಿನವರೆಗೆ ನೂರು ಹೆಜ್ಜೆಯಷ್ಟೇ ಇದ್ದರೂ, ನೀರಿನ ನೆಲೆ ಬದಲಾದಂತೆ ನಾಲ್ಕೈದು ಬಗೆಯ ಮಣ್ಣು ಅಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ.

ಮೇಲಿನ ಹಾಸು, ಬೇರು, ಅಣಬೆ

ಡೆನ್ಮಾರ್ಕಿನ ಅರಣ್ಯಾಧಿಕಾರಿ ಪಿ. ಇ. ಮ್ಯುಲ್ಲರ್ 1879ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಡಿನ ಎಲೆಗೊಬ್ಬರದಲ್ಲಿ ಎರಡು ಬಗೆ ಗುರುತಿಸಿದರು. ಎರೆಹುಳು ಮೇಲಿನ ಕಸವನ್ನು ಕೆಳಗಿನ ಮಣ್ಣಿನೊಡನೆ ಕಲಸಿದರೆ ಆಗುವುದು ಮುಲ್. ಕಲಸುವವರಿಲ್ಲದೆ ಕಸ ಮಣ್ಣಿನ ಮೇಲೆ ಹಾಸಾಗಿ ಉಳಿದರೆ ಆಗುವುದು ಮೋರ್. ಉತ್ತರದ ಪಾಡ್ಸಾಲ್‌ಗಳ ಮೇಲಿರುವುದು ಮೋರ್. ಅಷ್ಟು ಆಮ್ಲೀಯ ಮಣ್ಣಿನಲ್ಲಿ ಬಿಲ ತೋಡುವ ಎರೆಹುಳು ಬಾಳಲಾರದು. ಅಲ್ಲಿ ಕೆಲಸ ಮಾಡುವುದು ದಾರದ ತುಂಡಿನಂಥ ಪುಟ್ಟ ಬಿಳಿ ಹುಳುಗಳು, ನುಸಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಶಿಲೀಂಧ್ರಗಳು. ಇವು ಯಾವುವೂ ಮಣ್ಣನ್ನು ಮೇಲೆ ಕೆಳಗೆ ಮಾಡುವುದಿಲ್ಲ. ಪದರಗಳ ಗೆರೆ ಅಷ್ಟು ಸ್ಪಷ್ಟವಾಗಿ ಉಳಿದಿರುವುದು ಆದ್ದರಿಂದಲೇ.

ಹಾಸಿನಲ್ಲಿ ಸಾರಜನಕ ಇಲ್ಲವೆಂದಲ್ಲ, ಇದ್ದದ್ದು ಬಿಡುಗಡೆಯಾಗುವುದಿಲ್ಲ. ಇಂಗಾಲ ಮತ್ತು ಸಾರಜನಕದ ಅನುಪಾತ ಮೂವತ್ತು, ನಲವತ್ತಕ್ಕೆ ಒಂದು. ಚಳಿ, ಆಮ್ಲ, ಸೂಜಿಯೆಲೆಯ ಅಂಟು ಮತ್ತು ಟ್ಯಾನಿನ್ ಎಲ್ಲ ಸೇರಿ ಕೊಳೆಯುವುದನ್ನು ತಡೆಹಿಡಿಯುತ್ತವೆ. ಗಿಡಗಳು ಅಮೋನಿಯಂ, ನೈಟ್ರೇಟುಗಳ ರೂಪದಲ್ಲಿ ಮಾತ್ರ ಸಾರಜನಕ ಹೀರುತ್ತವೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 1998ರಲ್ಲಿ ಟೋರ್ಗ್ನಿ ನೇಸ್‌ಹೋಮ್ ಮತ್ತು ಸಂಗಡಿಗರು ಜಾಡು ಹಿಡಿಯಲೆಂದು ಗುರುತು ಮಾಡಿಟ್ಟ ಗ್ಲೈಸಿನ್ ಎಂಬ ಅಮೈನೊ ಆಮ್ಲವನ್ನು ಉತ್ತರ ಸ್ವೀಡನ್ನಿನ ಕಾಡಿನ ಮಣ್ಣಿಗೆ ಹಾಕಿ ನೋಡಿದರು. ಮರಗಳೂ ಕುಳ್ಳ ಗಿಡಗಳೂ ಅದನ್ನು ಇಡಿಯಾಗಿಯೇ ಹೀರಿಕೊಂಡಿದ್ದವು. ಇನ್ನು ಹೊಸ ಸಾರಜನಕ ಎಲ್ಲಿಂದ ಬರುತ್ತದೆ? ಅದರ ಒಂದು ಪಾಲು ನೆಲಕ್ಕೆ ಹಾಸಿದ ಪ್ಲೂರೋಜಿಯಂ ಎಂಬ ಕೆಂಪುಕಾಂಡದ ಹಾವಸೆಯಿಂದ ಎಂಬುದು 2002ರಲ್ಲಿ ತಿಳಿಯಿತು. ಅದರ ಎಲೆಗಳ ಸಂದಿಯಲ್ಲಿ ಕುಳಿತ ಸಯನೋಬ್ಯಾಕ್ಟೀರಿಯಗಳು ಹೆಕ್ಟೇರಿಗೆ ವರ್ಷಕ್ಕೆ 1.5ರಿಂದ 2 ಕಿಲೋ ಸಾರಜನಕವನ್ನು ಗಾಳಿಯಿಂದ ಹಿಡಿದುಕೊಡುತ್ತವೆ. ಗೊಬ್ಬರದ ಮೂಟೆಯ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಆ ಕಾಡಿಗೆ ಅದು ಶತಮಾನಗಳಿಂದ ತಪ್ಪದೆ ಬರುತ್ತಿರುವ ವರಮಾನ.

ಪೈನ್, ಸ್ಪ್ರೂಸ್ ಮರಗಳ ತುದಿಬೇರುಗಳಿಗೆ ಶಿಲೀಂಧ್ರಗಳು ಕುಲಾವಿಯಂತೆ ಹೊದ್ದುಕೊಂಡಿರುತ್ತವೆ. ಮರ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ತನ್ನ ಎಳೆಗಳಿಂದ ನೀರು, ರಂಜಕ, ಸಾರಜನಕ ತಂದುಕೊಡುತ್ತದೆ. ಈ ವ್ಯವಹಾರ ಎಷ್ಟು ದೊಡ್ಡದೆಂಬುದನ್ನು ಪೇತೆರ್ ಹೋಗ್‌ಬೆರಿ ಮತ್ತು ಸಂಗಡಿಗರ ಪ್ರಯೋಗವೊಂದು ಬಯಲಿಗೆ ತಂದಿತು. ಅದರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಉತ್ತರ ಸ್ವೀಡನ್ನಿನ ಪೈನ್ ಕಾಡೊಂದರಲ್ಲಿ ಮರಗಳ ತೊಗಟೆಯನ್ನು ಸುತ್ತಲೂ ಉಂಗುರದಂತೆ ಸುಲಿದು, ಎಲೆಯ ಸಕ್ಕರೆ ಬೇರಿಗೆ ಇಳಿಯದಂತೆ ಅವರು ತಡೆದರು. ಐದೇ ದಿನಗಳಲ್ಲಿ ಮಣ್ಣಿನ ಉಸಿರಾಟದಲ್ಲಿ 37 ಶೇಕಡಾದವರೆಗೆ ಇಳಿಕೆಯಾಯಿತು, ಒಂದೆರಡು ತಿಂಗಳಲ್ಲಿ 54 ಶೇಕಡಾ. ಮಣ್ಣಿನ ಜೀವಿಗಳು ಹಳೆಯ ಕಸವನ್ನು ತಿಂದುಕೊಂಡು ಬದುಕುತ್ತವೆ ಎಂದು ತಿಳಿದಿದ್ದವರು ಅರ್ಧ ಲೆಕ್ಕವನ್ನಷ್ಟೇ ನೋಡಿದ್ದರು. ಉಳಿದರ್ಧ ನಿನ್ನೆ ಮೊನ್ನೆಯ ಬಿಸಿಲಿನಿಂದ ಬಂದ ಸಕ್ಕರೆ. 2013ರಲ್ಲಿ ಕರೀನಾ ಕ್ಲೆಮ್ಮೆನ್ಸೆನ್ ಮತ್ತು ಸಂಗಡಿಗರು ಅದೇ ಸೀಮೆಯ ಸರೋವರ ದ್ವೀಪಗಳ ಹಾಸನ್ನು ಪರೀಕ್ಷಿಸಿ, ಅದರಲ್ಲಿ ಕೂಡಿಟ್ಟ ಇಂಗಾಲದ 50ರಿಂದ 70 ಶೇಕಡಾ ಬೇರು ಮತ್ತು ಬೇರಿನ ಶಿಲೀಂಧ್ರಗಳಿಂದ ಬಂದದ್ದು ಎಂದು ತೋರಿಸಿದರು. ಹಾಸು ಮೇಲಿನಿಂದ ಬಿದ್ದ ಕಸದಿಂದ ಮಾತ್ರ ದಪ್ಪವಾಗುವುದಲ್ಲ, ಅಡಿಯಿಂದಲೂ ಬೆಳೆಯುತ್ತದೆ.

ಬೂದಿ ಪದರದಲ್ಲೂ ಶಿಲೀಂಧ್ರದ ಹೆಜ್ಜೆಗುರುತಿದೆ. 1997ರಲ್ಲಿ ಡಚ್ ಮತ್ತು ಸ್ವೀಡಿಷ್ ವಿಜ್ಞಾನಿಗಳ ತಂಡವೊಂದು ಈ ಪದರದ ಫೆಲ್ಡ್‌ಸ್ಪಾರ್ ಕಣಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟಾಗ, ಕಣದೊಳಗೆ 3ರಿಂದ 10 ಮೈಕ್ರೋಮೀಟರ್ ಅಗಲದ, ಒಂದೇ ಸಮನಾದ ದುಂಡು ಸುರಂಗಗಳು ಕಂಡವು. ಕೆಲವುಗಳಲ್ಲಿ ಶಿಲೀಂಧ್ರದ ಎಳೆ ಇನ್ನೂ ಮಲಗಿತ್ತು. ಕಲ್ಲು ತಿನ್ನುವ ಶಿಲೀಂಧ್ರ ಎಂದು ಅದಕ್ಕೆ ಹೆಸರಾಯಿತು. ಒಟ್ಟು ಕರಗುವಿಕೆಯಲ್ಲಿ ಈ ಸುರಂಗಗಳ ಪಾಲು ಚಿಕ್ಕದೆಂದು ಆಮೇಲಿನ ಅಳತೆಗಳು ಹೇಳಿದವು. ಅಷ್ಟಾದರೂ ಕಲ್ಲಿನೊಳಗೆ ಆಮ್ಲದಿಂದ ದಾರಿ ಕೊರೆದು ಪೊಟ್ಯಾಸಿಯಂ, ಕ್ಯಾಲ್ಸಿಯಂ ಹುಡುಕಿಕೊಂಡು ಹೋದ ಆ ಎಳೆಯ ಚಿತ್ರ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ನೆಲದ ಮೇಲೆ ಏನು ಬೆಳೆದಿದೆ ಎಂಬುದರಿಂದಲೇ ಕೆಳಗಿನ ಮಣ್ಣನ್ನು ಓದಬಹುದೆಂದು ಫಿನ್‌ಲೆಂಡಿನ ಎ. ಕೆ. ಕಯಾಂದೆರ್ 1909ರಲ್ಲಿ ವಾದಿಸಿ ಕಾಡಿನ ಮಾದರಿಗಳ ಪಟ್ಟಿ ಮಾಡಿದರು. ಕಲ್ಲುಹೂವು ಹಾಸಿದ್ದರೆ ತೀರ ಒಣ ಮರಳು, ಲಿಂಗನ್‌ಬೆರಿ ಹೆಚ್ಚಿದ್ದರೆ ತುಸು ಉತ್ತಮ, ಬಿಲ್‌ಬೆರಿ ಇದ್ದರೆ ಸ್ಪ್ರೂಸ್ ಬೆಳೆಯುವಷ್ಟು ತೇವ ಮತ್ತು ಸತ್ವ. ಮುಂದೆ ಮೂರು ಬಾರಿ ದೇಶದ ಪ್ರಧಾನಿಯಾದ ಈ ಸಸ್ಯವಿಜ್ಞಾನಿಯ ಪಟ್ಟಿಯನ್ನು ಫಿನ್ನಿಷ್ ಅರಣ್ಯಪಾಲಕರು ಇಂದಿಗೂ ಬಳಸುತ್ತಾರೆ.

ಬೆಂಕಿಯೂ ಈ ವ್ಯವಸ್ಥೆಯ ಭಾಗ. ಕಾಡ್ಗಿಚ್ಚು ಹಾಸಿನ ಮೇಲ್ಭಾಗವನ್ನು ಸುಟ್ಟು, ಬಂಧಿಯಾಗಿದ್ದ ಸತ್ವವನ್ನು ಒಮ್ಮೆಗೆ ಬಿಡುಗಡೆ ಮಾಡುತ್ತಿತ್ತು. ಬಹುಕಾಲ ಬೆಂಕಿ ಬೀಳದಿದ್ದರೆ ಕ್ರೋಬೆರಿ ಹೆಚ್ಚುತ್ತದೆ. ಅದರ ಎಲೆಯ ಬಟಟಾಸಿನ್ ಎಂಬ ವಸ್ತು ಪೈನ್ ಸಸಿಗಳನ್ನು ಕುಂಠಿಸುತ್ತದೆ. ಬೆಂಕಿ ಬಿಟ್ಟುಹೋದ ಇದ್ದಿಲು ಅಂಥ ವಸ್ತುಗಳನ್ನು ಹೀರಿ ಮಣ್ಣನ್ನು ಹಸನು ಮಾಡುತ್ತದೆಂದು ಓಲ್ಲೆ ಜಾಕ್ರಿಸ್ಸೊನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು.

ಅಲಾಸ್ಕದ ಇಳಿಜಾರುಗಳು

ಉಪಧ್ರುವ ಪ್ರದೇಶವೆಲ್ಲ ಪಾಡ್ಸಾಲ್ ಅಲ್ಲ. ಅಲಾಸ್ಕದ ಒಳನಾಡಿನ ಫೇರ್‌ಬ್ಯಾಂಕ್ಸ್ ಸುತ್ತ ವರ್ಷಕ್ಕೆ ಬೀಳುವ ಮಳೆ-ಹಿಮ 300 ಮಿಲಿಮೀಟರಿಗಿಂತ ಕಡಿಮೆ. ಅಲ್ಲಿನ ಗುಡ್ಡಗಳ ಮೇಲೆ ಕಲ್ಲುಮಣ್ಣಿನ ಬದಲು ತನಾನಾ ನದಿಯ ಬಯಲಿನಿಂದ ಗಾಳಿ ಹೊತ್ತುತಂದ ಲೋಯೆಸ್ ಎಂಬ ನಯವಾದ ಧೂಳುಮಣ್ಣಿದೆ. ಬಿಸಿಲಿಗೆ ಮುಖ ಮಾಡಿದ ದಕ್ಷಿಣದ ಇಳಿಜಾರಿನಲ್ಲಿ ನೆಲ ಬೇಸಗೆಯಲ್ಲಿ ಪೂರ್ತಿ ಕರಗುತ್ತದೆ, ನೀರು ಇಳಿಯುತ್ತದೆ. ಬರ್ಚ್, ಆಸ್ಪೆನ್, ಬಿಳಿ ಸ್ಪ್ರೂಸ್ ಎತ್ತರಕ್ಕೆ ಬೆಳೆಯುತ್ತವೆ. ನೀರು ಸಾಲದೆ ಬೂದಿ ಪದರ ಮೂಡಿರುವುದಿಲ್ಲ, ಮೂಡಿದ್ದರೂ ತೀರ ತೆಳು. ಮಣ್ಣೆಲ್ಲ ಒಂದೇ ಕಂದು. ಚಾರ್ಲ್ಸ್ ಕೆಲಾಗ್ ಮತ್ತು ಐವರ್ ನೈಗಾರ್ಡ್ 1951ರ ಸಮೀಕ್ಷೆಯಲ್ಲಿ ಇದನ್ನು ಉಪಧ್ರುವದ ಕಂದು ಕಾಡುಮಣ್ಣು ಎಂದು ಬೇರೆ ಮಾಡಿದರು.

ಅದೇ ಗುಡ್ಡದ ಉತ್ತರ ಮುಖದಲ್ಲಿ ದಪ್ಪ ಹಾವಸೆಯಡಿ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಗೆಯಲ್ಲಿ ಕರಗುವುದು ಮೇಲಿನ ಅರ್ಧ ಮೀಟರಿನಷ್ಟೇ. ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ, ಮಣ್ಣು ಸದಾ ಒದ್ದೆ. ಅಲ್ಲಿ ಬೆಳೆಯುವುದು ಸೊರಗಿದ ಕಪ್ಪು ಸ್ಪ್ರೂಸ್. ನೀರು ಬಸಿಯಬೇಕೋ ನಿಲ್ಲಬೇಕೋ ಎಂಬುದನ್ನು ಇಲ್ಲಿ ಮರಳು, ಜೇಡಿಗಳಿಗಿಂತ ಹೆಚ್ಚಾಗಿ ಬಿಸಿಲು ಮತ್ತು ಹಾವಸೆ ನಿರ್ಧರಿಸುತ್ತವೆ. 1946ರಲ್ಲಿ ಫೇರ್‌ಬ್ಯಾಂಕ್ಸ್ ಬಳಿ ಅಮೆರಿಕದ ಸೇನಾ ಎಂಜಿನಿಯರುಗಳು ಮೂರು ತುಂಡು ನೆಲ ಗುರುತಿಸಿಕೊಂಡರು. ಒಂದನ್ನು ಮುಟ್ಟಲಿಲ್ಲ, ಇನ್ನೊಂದರಲ್ಲಿ ಮರ ಮಾತ್ರ ಕಡಿದರು, ಮೂರನೆಯದರಲ್ಲಿ ಹಾವಸೆಯ ಹಾಸನ್ನೂ ಕಿತ್ತರು. 26 ವರ್ಷಗಳ ಬಳಿಕ ಮೊದಲನೆಯದರಲ್ಲಿ ಹೆಪ್ಪು ಹಾಗೆಯೇ ಇತ್ತು. ಎರಡನೆಯದರಲ್ಲಿ ಅದು 4.7 ಮೀಟರ್ ಆಳಕ್ಕೆ, ಮೂರನೆಯದರಲ್ಲಿ 6.7 ಮೀಟರ್ ಆಳಕ್ಕೆ ಇಳಿದಿತ್ತು.

ಮನುಷ್ಯರ ಕೈ

ಪೂರ್ವ ಫಿನ್‌ಲೆಂಡಿನ ರೈತರು ಸ್ಪ್ರೂಸ್ ಕಾಡು ಕಡಿದು ಸುಟ್ಟು, ಆ ಬೂದಿಯಲ್ಲಿ ರೈ ಬಿತ್ತಿ, ಕೆಲವು ಬೆಳೆ ತೆಗೆದು ಮುಂದಕ್ಕೆ ಹೋಗುತ್ತಿದ್ದರು. ನಮ್ಮ ಕುಮರಿ ಬೇಸಾಯದ್ದೇ ಕ್ರಮ. ಬೂದಿಯ ಸುಣ್ಣ ಆಮ್ಲವನ್ನು ತಗ್ಗಿಸಿದಷ್ಟು ದಿನ ಪಾಡ್ಸಾಲ್ ಫಲ ಕೊಡುತ್ತಿತ್ತು. ಇಂದು ಅಲ್ಲಿ ಉಳುಮೆ ಮಾಡುವವರು ಸುಣ್ಣ, ಗೊಬ್ಬರ ಎರಡನ್ನೂ ಹೊರಗಿನಿಂದ ತರಬೇಕು. ಹೆಚ್ಚಿನ ಪಾಡ್ಸಾಲ್ ಕಾಡಾಗಿಯೇ ಉಳಿದಿದೆ, ಉಳಿಯಬೇಕಾದದ್ದೂ ಹಾಗೆಯೇ. ಮರ ಕಡಿದ ಮೇಲೆ ಹಾಸನ್ನು ಯಂತ್ರದಿಂದ ಗೆರೆಗೆರೆಯಾಗಿ ಸರಿಸಿ ಖನಿಜಮಣ್ಣನ್ನು ಬಯಲು ಮಾಡುವುದು ಉತ್ತರದ ಅರಣ್ಯ ಇಲಾಖೆಗಳ ರೂಢಿ. ಪೈನ್ ಬೀಜ ದಪ್ಪ ಹಾಸಿನ ಮೇಲೆ ಬಿದ್ದರೆ ಒಣಗಿಹೋಗುತ್ತದೆ, ಬಯಲಾದ ಮಣ್ಣಿನ ಮೇಲೆ ಮೊಳೆಯುತ್ತದೆ. ಆದರೆ ಅದೇ ಗೆರೆಗಳಲ್ಲಿ ಹಿಮಸಾರಂಗದ ಮೇವಾದ ಕಲ್ಲುಹೂವೂ ಹೋಗುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಅದು ಮರಳಿ ಬರಲು ದಶಕಗಳೇ ಬೇಕು. ಉತ್ತರದ ಮೂಲನಿವಾಸಿಗಳಾದ ಸಾಮಿ ಪಶುಪಾಲಕರ ಈ ದೂರು ನ್ಯಾಯವಾದದ್ದು.

ಆಮ್ಲಮಳೆ ಈ ಮಣ್ಣಿಗೆ ಬಿದ್ದ ಇನ್ನೊಂದು ಹೊರೆ. ಯೂರೋಪಿನ ಕೈಗಾರಿಕೆಗಳ ಗಂಧಕ ಸ್ಕ್ಯಾಂಡಿನೇವಿಯಾದ ಮೇಲೆ ಸುರಿಯುತ್ತಿದೆಯೆಂದು ಸ್ವಾಂತೆ ಓದೆನ್ 1967ರಲ್ಲಿ ಪತ್ರಿಕೆಯೊಂದರಲ್ಲಿ ಎಚ್ಚರಿಸಿದರು. ಸಹಜ ಆಮ್ಲಗಳು ಅಲ್ಯೂಮಿನಿಯಂ ಅನ್ನು ತುಕ್ಕು ಪದರದವರೆಗೆ ಒಯ್ದು ಅಲ್ಲೇ ಇಳಿಸುತ್ತವೆ. ಗಂಧಕಾಮ್ಲ ಹಾಗಲ್ಲ, ಅಲ್ಲಿ ಸೇರಿದ್ದ ಅಲ್ಯೂಮಿನಿಯಂ ಅನ್ನೂ ಎಬ್ಬಿಸಿ ತೊರೆ, ಕೆರೆಗಳಿಗೆ ತಳ್ಳಿತು. ಮೀನಿನ ಕಿವಿರುಗಳಿಗೆ ಅದು ವಿಷ. ಗಂಧಕದ ಹೊಗೆ ಈಗ ಬಹಳ ತಗ್ಗಿದೆ. ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ ಮಾತ್ರ ಬಂಡೆ ಕರಗಿದಷ್ಟೇ ನಿಧಾನವಾಗಿ ಮರಳುತ್ತದೆ.

ಪುರಾತತ್ವಜ್ಞರಿಗೆ ಈ ಮಣ್ಣು ಕೊಡುವುದೂ ಉಂಟು, ಕಸಿಯುವುದೂ ಉಂಟು. ಇದರ ಆಮ್ಲದಲ್ಲಿ ಎಲುಬು ಉಳಿಯುವುದಿಲ್ಲ. ಶಿಲಾಯುಗದ ನೆಲೆಗಳಲ್ಲಿ ಸಿಗುವುದು ಹೆಚ್ಚಾಗಿ ಒಲೆಯಲ್ಲಿ ಸುಟ್ಟು ಬಿಳಿಯಾದ ಎಲುಬಿನ ಚೂರುಗಳು ಮಾತ್ರ. ಆದರೆ ಯಾರಾದರೂ ಒಮ್ಮೆ ಗುಂಡಿ ತೋಡಿದ್ದರೆ ಪಾಡ್ಸಾಲ್ ಅದನ್ನು ಮರೆಯುವುದಿಲ್ಲ. ಲ್ಯಾಪ್‌ಲೆಂಡಿನ ಮರಳುದಿಬ್ಬಗಳ ಮೇಲೆ ಕಾಡು ಹಿಮಸಾರಂಗ ಹಿಡಿಯಲು ತೋಡಿದ ಹಳೆಯ ಕೆಡ್ಡಗಳ ಸಾಲುಗಳಿವೆ. ಅವುಗಳ ಅಂಚಿನಲ್ಲಿ ಕೊಯ್ದು ನೋಡಿದರೆ, ತೋಡುವಾಗ ಎತ್ತಿ ಹಾಕಿದ ಮಣ್ಣಿನಡಿ ಹಳೆಯ ಬೂದಿ ಪದರ ಹೂತುಹೋಗಿರುತ್ತದೆ. ಆ ಮಣ್ಣಿನ ಮೇಲೆ, ಈಗಿನ ಹಾಸಿನ ಕೆಳಗೆ, ಇನ್ನೊಂದು ಬೂದಿ ಪದರ ತೆಳ್ಳಗೆ ಮೂಡಿರುತ್ತದೆ.